ಕಬ್ಬಿನೊಳಗಿನ ವೈರಿ

ಟಿಕ್, ಟಿಕ್.

ಸರಿರಾತ್ರಿಯ ಆ ಸಣ್ಣ ಸಪ್ಪಳ ಕೇಳಿದ ಮೇಲೆಯೇ ನೀಲಮಳಿಗೆ ನಿದ್ದೆ ಹತ್ತುತ್ತಿತ್ತು. ಬೇಡಕಿಹಾಳದ ಆ ಮನೆಯ ಹಿತ್ತಲಲ್ಲೇ ಬಾವಿ. ಅದರ ಕಟ್ಟೆಯ ಮೇಲೆ ಮಾವ ದಾದಾಸಾಹೇಬರು ವಾಕಿಟಾಕಿ ಹಿಡಿದು ಕೂತಿರುತ್ತಿದ್ದರು. ಕಬ್ಬಿನ ಆಚೆ ತುದಿಯಲ್ಲಿ ನೀರು ಹಾಯಿಸುವ ಮಾಳಸಿದ್ದನ ಕೈಯಲ್ಲಿ ಇನ್ನೊಂದು. ಸಾಲಿನ ಕೊನೆಗೆ ನೀರು ಮುಟ್ಟಿದರೆ ಅವನು ಗುಂಡಿ ಎರಡು ಸಲ ಒತ್ತಬೇಕು, ಮಾತಾಡಬಾರದು. ಮಾವ ಮುಂದಿನ ಸಾಲಿಗೆ ನೀರು ಬಿಡುವ ವಾಲ್ವ್ ತಿರುವುವರು. ಸೈನ್ಯದ ಸಿಗ್ನಲ್ ದಳದ ಹಳೆಯ ಹವಾಲ್ದಾರರು. "ಬಾಯಿ ಬಿಟ್ಟಾಂವ ಸತ್ತ," ಎನ್ನುವರು. ಆ ವಾಕಿಟಾಕಿ ಸೆಟ್ಟುಗಳಿಗೆ ಲೈಸೆನ್ಸ್ ಮಾತ್ರ ಇರಲಿಲ್ಲ.

ಈ ಟಿಕ್ಕನ್ನು ಅವರು ಮಗ ರೋಹನನಿಗೂ ಕಲಿಸಿದ್ದರು. ಅವನೀಗ ಸೈನಿಕನಾಗಿ ಗಡಿಯಲ್ಲಿದ್ದ. "ಗಸ್ತಿನಾಗ ನಾವೂ ಹಿಂಗ ಒತ್ತತೀವಿ," ಎಂದು ಹೆಂಡತಿ ನೀಲಮಳಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದ.

ನೀಲಮ ಇಂಜಿನಿಯರು. ರೇಡಿಯೋ ಎಲ್ಲಿಂದ ಮಿಡಿಯುತ್ತಿದೆ ಎಂದು ಆಕಾಶದಿಂದಲೇ ಹುಡುಕಿ, ಅದು ವೈರಿಯದೋ ಅಲ್ಲವೋ ಎಂದು ಹೇಳುವ ಪುಟ್ಟ ಡ್ರೋನನ್ನು ಅವಳ ಕಂಪನಿ ಮಾಡಿತ್ತು. ೨೦೧೮ರ ಚಳಿಗಾಲದಲ್ಲಿ ಸೈನ್ಯದ ಅಧಿಕಾರಿಗಳೆದುರು ಹಾರಿಸಿ ತೋರಿಸಲು ಜಾಗ ಬೇಕಾದಾಗ ಮಾವನ ಕಬ್ಬನ್ನು ಸೂಚಿಸಿದವಳು ಅವಳೇ. ಹೇಗೂ ನೀರು ಬಿಡುವುದು ರಾತ್ರಿ. ಪ್ರದರ್ಶನದ ಸೋಮವಾರಕ್ಕೆ ಪಂಪಿನ ಕರೆಂಟಿನ ಪಾಳಿ ರಾತ್ರಿಯಿಂದ ಹಗಲಿಗೆ ತಿರುಗುತ್ತದೆಂಬುದನ್ನು ಮರೆತೇಬಿಟ್ಟಳು.

ಸೋಮವಾರ ಅಧಿಕಾರಿಗಳು ಪೆಂಡಾಲಿನಲ್ಲಿ ಕೂತರು. ನೀಲಮ ದೂರದ ಜೀಪಿನಲ್ಲಿ ತನ್ನ ಪರದೆಯ ಮುಂದೆ. ಕಬ್ಬಿನಲ್ಲಿ ಕಂಪನಿಯವರು ಬಚ್ಚಿಟ್ಟ ಸೆಟ್ಟಿನ ಮೇಲೆ ಕೆಂಪು ಗುರುತು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಕಬ್ಬಿನ ಆಚೆ ತುದಿಯಲ್ಲಿ. ಪಕ್ಕದಲ್ಲೇ ಅಕ್ಷರ ಮೂಡಿತು: ವೈರಿಯ ಪಹರೆ.

"ಎರಡೂ ನಾವ ಇಟ್ಟದ್ದು, ಸಾಹೇಬ್ರ!" ಕಂಪನಿಯ ಮಾಲೀಕ ಸಂಗ್ರಾಮ ಮೈಕಿನಲ್ಲಿ ಕೂಗಿ, ಜೀಪಿನತ್ತ ಓಡಿಬಂದ.

"ಸರ್, ಎರಡನೇದು ನಮ್ಮ ನೀರಿನ ಮನಷ್ಯಾರಿ."

"ಮೆಲ್ಲಕ ಮಾತಾಡವಾ. ಒಂದು ಇಟ್ಟಿವಿ, ಎರಡು ಹಿಡೀತು. ಲಾಭ ಆತಿಲ್ಲೋ?"

"ಮಾತಾಡದೆ ಬರೇ ಗುಂಡಿ ಒತ್ತಿದವರೆಲ್ಲಾ ವೈರಿ ಅಂತೈತ್ರಿ ಇದು. ಗಸ್ತಿನಾಗ ನಮ್ಮವರೂ ಹಂಗ ಒತ್ತತಾರ."

"ನಮ್ಮವರನ್ನ ಗುರುತು ಹಿಡಿಯೂದು ಮುಂದಿನ ವರ್ಷ ಕಲಿಸೂಣು. ಮೊದಲ ಆರ್ಡರ್ ಬರ್ಲಿ."

ಮುಂದಿನ ವರ್ಷ! ಅವಳ ಮೈ ಉರಿದುಹೋಯಿತು. ಗುರುತು ಬಿದ್ದಲ್ಲಿ ಗುಂಡು ಬೀಳಲು ಎಷ್ಟು ಹೊತ್ತು ಬೇಕೆಂದು ಅಧಿಕಾರಿಯೊಬ್ಬರು ಪೆಂಡಾಲಿನ ಮೈಕಿನಲ್ಲಿ ಆಗಲೇ ಕೇಳುತ್ತಿದ್ದರು. ಸುಮ್ಮನಿದ್ದರೆ ನಾಳೆ ಆ ಗುರುತಿನ ಕೆಳಗೆ ರೋಹನ. ನಿಜ ಹೇಳಿದರೆ, ಲೈಸೆನ್ಸಿಲ್ಲದ ಸೆಟ್ಟಿಗಾಗಿ ಮಾವ ಪೊಲೀಸ್ ಠಾಣೆಯಲ್ಲಿ.

ಅವಳು ಜೀಪಿನಿಂದ ಇಳಿದು ಕಬ್ಬಿಗೆ ನುಗ್ಗಿದಳು. ರವುದಿಯ ಒಣಗರಿ ಕೈ ಗೀರಿದ್ದೂ ತಿಳಿಯಲಿಲ್ಲ. ಮಾಳಸಿದ್ದ ಕೆಸರಲ್ಲಿ ನಿಂತು ಮೇಲೆ ನೋಡುತ್ತಿದ್ದ.

"ಅಕ್ಕಾರ, ಮದವಿ ವಿಡಿಯೋ ತಗಿಯೂದಲ್ಲರಿ ಇದು? ನಾ ಅಂಗಿನೂ ಹಾಕ್ಕೊಂಡಿಲ್ಲಲ್ಲ!"

"ಸೆಟ್ ಕೊಡು. ಸಾಲಿನಾಗ ಕುಂದರು, ಯಾರು ಕರದ್ರೂ ಏಳಬ್ಯಾಡ."

"ನೀರು ತುದಿ ಮುಟ್ಟೇತ್ರಿ, ಒತ್ತಬೇಕು."

"ನಾ ಒತ್ತತೀನಿ."

ಒತ್ತಿದಳು, ಎರಡು ಸಲ. ತಲೆಯ ಮೇಲೆ ಡ್ರೋನು ಗುಂಯ್‌ಗುಡುತ್ತ ನಿಂತೇ ಇತ್ತು. ಮೊಣಕಾಲುದ್ದ ಕೆಸರಲ್ಲೇ ಹೋಗಿ ಪೆಂಡಾಲಿನೆದುರು ಸೆಟ್ಟನ್ನು ಮೇಲೆತ್ತಿ ಹಿಡಿದಳು.

"ಸಾಹೇಬ್ರ, ಎರಡನೇ ಗುರುತು ನಾನು. ನನ್ನ ಗಂಡ ಗಸ್ತಿನಾಗ ಹೆಂಗ ಒತ್ತತಾನೋ ಹಂಗ ಒತ್ತಿದೆ. ಯಂತ್ರ ನನ್ನನ್ನ ವೈರಿ ಅಂತು. ಅವನನ್ನ ಏನಂತೈತಿ, ನಮ್ಮ ಮಾಲೀಕರ್ನ ಕೇಳ್ರಿ."

ಸಂಗ್ರಾಮ ಪೆಂಡಾಲಿಗೆ ಮರಳಿದ್ದ. ಎರಡನೇ ಗುರುತು ಬಿದ್ದಾಗ ಅವಳು ಜೀಪಿನಲ್ಲಿದ್ದಳೆಂದು ಹೇಳಿದರೆ, ಎರಡೂ ನಾವೇ ಇಟ್ಟದ್ದೆಂದ ಅವನ ಸುಳ್ಳೇ ಬಯಲಾಗಬೇಕು. ಹಿರಿಯ ಅಧಿಕಾರಿ ಎದ್ದು ಟೋಪಿ ಹಾಕಿಕೊಂಡರು. "ಯಂತ್ರ ವಾಪಸ್ ಒಯ್ಯಿರಿ," ಎಂದರು.

"ನಾಳೆಯಿಂದ ಬರಬ್ಯಾಡ," ಸಂಗ್ರಾಮ ಹಲ್ಲು ಕಡಿದ.

"ಕರೆದ್ರೂ ಬರೂದಿಲ್ಲ."

ಸಂಜೆ ಮಾವ ಕಟ್ಟೆಯ ಮೇಲೆ ಸೆಟ್ಟನ್ನು ಒರೆಸುತ್ತಿದ್ದರು. "ನೀಲವ್ವಾ, ಇವತ್ತ ಒಂದ್ಸಲ ಟಿಕ್ ಬಂತು ನೋಡು, ಅದು ಮಾಳ್ಯಾನ ಕೈ ಅಲ್ಲ. ಭಾಳ ಸಿಟ್ಟಿನ ಕೈ. ಯಾರದು?"

"ಮಾಳಸಿದ್ದಂದ ಇರಬೇಕ್ರಿ, ಮಾವಾರ."

ಒಳಗೆ ಫೋನು ರಿಂಗಾಯಿತು. ರೋಹನ. ತಮ್ಮ ಟಿಕ್ಕಿನಿಂದ ಸೊಸೆಯ ಕೆಲಸ ಹೋಯಿತೆಂದು ಹೇಳಿದರೆ ಮಾವ ಸೆಟ್ಟುಗಳನ್ನು ಬಾವಿಗೆ ಎಸೆಯುವರು. ಆ ಟಿಕ್ಕನ್ನೇ ಯಂತ್ರ ವೈರಿಯದೆಂದಿತೆಂದು ರೋಹನನಿಗೆ ಹೇಳಿದರೆ, ಕತ್ತಲ ಗಸ್ತಿನಲ್ಲಿ ಗುಂಡಿಯ ಮೇಲೆ ಅವನ ಬೆರಳು ಒಂದು ಗಳಿಗೆ ತಡೆದೀತು. ಆ ಒಂದು ಗಳಿಗೆಯೇ ಅವಳಿಗೆ ಬೇಡವಾಗಿತ್ತು. ಇಬ್ಬರಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿ ಫೋನೆತ್ತಿದಳು.

"ಪರೀಕ್ಷೆ ಹೆಂಗಾತ?" ಅವನು ಕೇಳಿದ.

"ಯಂತ್ರ ಫೇಲಾತು," ಎಂದಳು. "ನಿಂದು ಊಟ ಆತಿಲ್ಲೋ?"