ಮಾವನ ಪಿರಮಿಡ್ಡು

ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವವನು ನಾನು. ಗೋದಾಮಿಗೆ ಬೆಂಕಿ ಬಿತ್ತೋ ಇಟ್ಟರೋ, ಕಾರು ಕಳುವಾಯಿತೋ ಮಾರಿಕೊಂಡರೋ ಎಂದು ಕೆದಕುವುದೇ ನನ್ನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮನೆಯಲ್ಲಿ ಹಾಲು ಒಡೆದರೂ ಯಾರು ಒಡೆಸಿದರು ಎಂದು ನಾನು ನೋಡುತ್ತೇನಂತೆ, ನನ್ನ ಹೆಂಡತಿಯ ದೂರು. ಮನೆಯವರೆಲ್ಲ ಬೆನ್ನ ಹಿಂದೆ ನನ್ನನ್ನು ಸಿಐಡಿ ಅನ್ನುತ್ತಾರೆ. ಅದು ನನಗೆ ಗೊತ್ತೆಂದು ಅವರಿಗೆ ಗೊತ್ತಿಲ್ಲ.

ನಾನಿರುವುದು ಮಾವನ ಮನೆಯಲ್ಲಿ. ಮನೆಯಳಿಯ ಎಂದು ನಗುವವರು ನಗಲಿ, ಆಫೀಸು ಇಲ್ಲಿಂದ ಹತ್ತಿರ. ಮನೆಯಲ್ಲಿ ನಾಲ್ಕೇ ಜನ: ನಾನು, ಹೆಂಡತಿ, ಅವಳ ಅಪ್ಪ ಮತ್ತು ಅವಳ ಚಿಕ್ಕಮ್ಮ. ಚಿಕ್ಕಮ್ಮ ಎಂದರೆ ಮಾವನ ತಮ್ಮನ ಹೆಂಡತಿ. ಹೆಂಡತಿ ಕರೆದ ಹಾಗೆ ನಾನೂ ಚಿಕ್ಕಮ್ಮ ಎಂದೇ ಕರೆಯುತ್ತೇನೆ. ಮಾವ ಕ್ರೇನ್ ನಡೆಸುತ್ತಿದ್ದವರು, ಈಗ ನಿವೃತ್ತರು. ಇಪ್ಪತ್ತೆರಡು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಒಂದು ದೊಡ್ಡ ಕಟ್ಟಡದ ಕೆಲಸಕ್ಕೆಂದು ದೂರದ ಊರಿಗೆ ಹೋದರು. ವಾಪಸು ಬಂದವರು ಅಣ್ಣ ಒಬ್ಬರೇ.

ತಮ್ಮ ಓಡಿಹೋದ ಎಂದು ಇಡೀ ಬೀದಿ ಆಡಿಕೊಂಡಿತು. ಅಂದಿನಿಂದ ಚಿಕ್ಕಮ್ಮ ಅವನನ್ನು ಬೈಯದೆ ಒಂದು ದಿನ ಕಳೆದವರಲ್ಲ. ಒಲೆ ಹತ್ತದಿದ್ದರೂ ಬೈಗುಳ ಅವನಿಗೇ, ಬಾಗಿಲು ಕಿರುಗುಟ್ಟಿದರೂ ಅವನಿಗೇ. ಯಾವಳನ್ನು ಕಟ್ಟಿಕೊಂಡು ಎಲ್ಲಿ ಬಿದ್ದಿದ್ದಾನೋ ಎನ್ನುವುದು ಅವರ ಬಾಯಲ್ಲಿ ಪಲ್ಲವಿ. ಮದುವೆಯಾದ ಹೊಸದರಲ್ಲಿ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಈಚೆಗೆ ನಮ್ಮ ಗೋಡೆ ಗಡಿಯಾರ ಪದೇ ಪದೇ ಕೆಡತೊಡಗಿತು. ನನಗೆ ಆಗಲೇ ಅನುಮಾನ ಬಂತು. ಒಳ್ಳೆಯ ಗಡಿಯಾರ, ತಿಂಗಳಿಗೆರಡು ಸಲ ಯಾಕೆ ಕೆಡಬೇಕು? ಪ್ರತಿ ಸಲವೂ ಚಿಕ್ಕಮ್ಮನೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಯಾಕೆ ಒಯ್ಯಬೇಕು? ಅಂಗಡಿಯವರು ಹೆಂಡತಿ ತೀರಿಕೊಂಡವರು, ಮೆದು ಮಾತಿನವರು. ಒಂದು ದಿನ ಅವರೇ ಮನೆಗೆ ಬಂದು, ಬೆವರು ಒರೆಸಿಕೊಳ್ಳುತ್ತ, ಚಿಕ್ಕಮ್ಮ ಒಪ್ಪಿದರೆ ಮದುವೆಯಾಗುವ ಆಸೆಯಿದೆ ಎಂದು ಮಾವನ ಹತ್ತಿರ ಹೇಳಿಕೊಂಡರು. ಐವತ್ತು ದಾಟಿದ ಚಿಕ್ಕಮ್ಮನ ಮುಖ ಆ ಹೊತ್ತು ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ.

ಆದರೆ ಬಂದ ಉತ್ತರ ಬೇರೆ.

"ಆ ಮನುಷ್ಯ ಎಲ್ಲೋ ಬದುಕಿದ್ದಾನಲ್ಲ," ಅಂದರು. "ಗಂಡ ಬದುಕಿರೋವಾಗ ಇನ್ನೊಬ್ಬರ ಮನೆಗೆ ನಾನು ಹೇಗೆ ಹೋಗ್ಲಿ?"

ಹಾಗೆಂದು ಅಡುಗೆಮನೆಗೆ ಹೋಗಿ ಅತ್ತರು. ಗಡಿಯಾರದವರು ತಲೆ ತಗ್ಗಿಸಿಕೊಂಡು ಹೊರಟುಹೋದರು. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಮ್ಮನ ಹೆಂಡತಿಯ ಬಾಳು ಇನ್ನೊಂದು ಸಲ ಶುರುವಾಗುವ ಹೊತ್ತಿನಲ್ಲಿ ಮನೆಯ ಹಿರಿಯ ಬಾಯಿ ಬಿಡದೆ ಕೂತದ್ದು ನನಗೆ ಸರಿಬರಲಿಲ್ಲ.

ಅದೇ ವಾರ ಮಾವನಿಗೆ ಪಿರಮಿಡ್ಡಿನ ಹುಚ್ಚು ಹತ್ತಿತು.

ಮೊದಲ ವಾರ ಪಿರಮಿಡ್ಡು ಕಟ್ಟಿದವರು ಆಕಾಶದಿಂದ ಇಳಿದು ಬಂದವರಾಗಿದ್ದರು. ಮಾವ ಫೋನಿನಲ್ಲಿ ನೋಡಿದ್ದನ್ನೆಲ್ಲ ಊಟದ ಹೊತ್ತಿನಲ್ಲಿ ನಮಗೆ ಬಡಿಸುತ್ತಿದ್ದರು. ಎರಡನೆಯ ವಾರ ಆಕಾಶದವರು ಹೋಗಿ ದೈತ್ಯರು ಬಂದರು, ತೆಂಗಿನ ಮರದೆತ್ತರದವರು, ಕಲ್ಲನ್ನು ಬೆಲ್ಲದಚ್ಚಿನ ಹಾಗೆ ಎತ್ತಿಡುತ್ತಿದ್ದವರು. ಆಮೇಲೆ ಕಡಲಲ್ಲಿ ಮುಳುಗಿದ ಯಾವುದೋ ನಾಡಿನ ಜ್ಞಾನಿಗಳ ಸರದಿ. ಅದಾದ ಮೇಲೆ ಅವು ಕಲ್ಲುಗಳೇ ಅಲ್ಲ, ಕಾಂಕ್ರೀಟಿನ ಹಾಗೆ ಅಚ್ಚಿಗೆ ಸುರಿದದ್ದು ಎಂದಾಯಿತು. ಈ ವಾದ ಮಾವನಿಗೆ ಬಹಳ ಹಿಡಿಸಿತು. ಕಲ್ಲು ಎತ್ತುವ ಮಾತೇ ಇಲ್ಲ ನೋಡಿ ಅಳಿಯಂದಿರೇ, ಎತ್ತದಿದ್ದರೆ ಬೀಳುವುದೂ ಇಲ್ಲ, ಅಂದರು.

ಯಾರೋ ಮಾವನಿಗೆ ಟೋಪಿ ಹಾಕುತ್ತಿದ್ದಾರೆ ಎಂದು ನನಗೆ ಮೊದಲು ಅನಿಸಿತು. ಇಂಥ ಹುಚ್ಚಿನ ಹಿಂದೆ ಸಾಮಾನ್ಯವಾಗಿ ಒಂದು ಸಂಘ ಇರುತ್ತದೆ, ಸಂಘದ ಹಿಂದೆ ಒಬ್ಬ ಗುರು ಇರುತ್ತಾನೆ, ಗುರುವಿನ ಕೈಯಲ್ಲಿ ಮಂಚದ ಕೆಳಗಿಡುವ ತಾಮ್ರದ ಪಿರಮಿಡ್ಡು ಇರುತ್ತದೆ. ಮಾವನ ಮಂಚದ ಕೆಳಗೆ ಬಗ್ಗಿ ನೋಡಿದೆ. ಹಳೆಯ ಚಪ್ಪಲಿ ಸಿಕ್ಕಿತು. ಅವರು ಯಾವ ಸಂಘಕ್ಕೂ ಸೇರಿರಲಿಲ್ಲ, ಯಾರಿಗೂ ಫೋನು ಮಾಡುತ್ತಿರಲಿಲ್ಲ. ಅಪ್ಪನ ಮೇಲೆ ನಿಮ್ಮ ಆಫೀಸಿನ ಬುದ್ಧಿ ತೋರಿಸಬೇಡಿ ಎಂದು ಹೆಂಡತಿ ಗದರಿದಳು. ವಯಸ್ಸಾದವರು, ಹೊತ್ತು ಹೋಗಬೇಕಲ್ಲ, ಅಂದಳು.

ನಾನು ಸುಮ್ಮನಾದೆ, ಆದರೆ ತಲೆ ಸುಮ್ಮನಾಗಲಿಲ್ಲ. ನನ್ನ ಕಸುಬಿನಲ್ಲಿ ಕಂಡುಕೊಂಡ ಒಂದು ಮಾತಿದೆ. ಬರೀ ಸುಳ್ಳನ ಕಥೆ ದಿನಕ್ಕೊಂದು ರೀತಿ ಬದಲಾಗುತ್ತದೆ. ಏನನ್ನೋ ಮುಚ್ಚಿಟ್ಟವನ ಕಥೆಯೂ ಬದಲಾಗುತ್ತದೆ, ಆದರೆ ಅದರಲ್ಲಿ ಒಂದು ಮಾತು ಮಾತ್ರ ಅಲುಗುವುದಿಲ್ಲ. ಎಲ್ಲಿ ಅಲುಗುವುದಿಲ್ಲವೋ ಅಲ್ಲಿ ಅಗೆಯಬೇಕು. ಮಾವನ ಪಿರಮಿಡ್ಡಿನಲ್ಲಿ ಆಕಾಶದವರು ಬಂದರು ಹೋದರು, ದೈತ್ಯರು ಬಂದರು ಹೋದರು. ಅಲುಗದೆ ನಿಂತದ್ದು ಒಂದೇ ಮಾತು: ಆ ಕಲ್ಲುಗಳ ಕೆಳಗೆ ಮನುಷ್ಯರು ಇರಲಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಗ್ರಂಥಾಲಯದಿಂದ ಒಂದು ಪುಸ್ತಕ ತಂದೆ. ರಜೆಯ ದಿನ ಊಟವಾದ ಮೇಲೆ ಮಾವನ ಎದುರು ಕೂತು, ಏನೂ ಅರಿಯದವನ ಹಾಗೆ ಪುಟ ತಿರುವಿದೆ. ಪಿರಮಿಡ್ಡಿನ ಪಕ್ಕದಲ್ಲೇ ಕೆಲಸಗಾರರ ಊರು ಅಗೆದು ತೆಗೆದಿದ್ದಾರಂತೆ, ಅವರಿಗೆ ರೊಟ್ಟಿ ಸುಡುತ್ತಿದ್ದ ಜಾಗಗಳು ಸಿಕ್ಕಿವೆಯಂತೆ ಎಂದೆ. ಮಾವ ನಕ್ಕರು. ಯಾರು ಬೇಕಾದರೂ ಎಲ್ಲಿ ಬೇಕಾದರೂ ರೊಟ್ಟಿ ಸುಡಬಹುದು ಎಂದರು. ಅವರ ಗೋರಿಗಳೂ ಸಿಕ್ಕಿವೆಯಂತೆ, ಭಾರ ಹೊತ್ತು ಸವೆದ ಬೆನ್ನುಮೂಳೆ, ಮುರಿದು ಕೂಡಿದ ಕೈಕಾಲು ಎಲ್ಲ ಇವೆಯಂತೆ ಎಂದೆ.

ಮಾವನ ನಗು ನಿಂತಿತು. ವಾದ ಮಾಡುತ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ. ಪುಸ್ತಕದ ರಟ್ಟು ನೋಡಿದರು. ಆಮೇಲೆ ಕೇಳಿದರು.

"ಸತ್ತವರ ಮನೆಯವರಿಗೆ ಹೇಳಿದ್ರಂತಾ? ಅದೇನಾದ್ರೂ ಬರೆದಿದ್ದಾರಾ ಅದರಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಹೆಣಗಳ ಮನೆಯವರ ಚಿಂತೆ ಯಾರಿಗಿರುತ್ತದೆ? ಅದಿಲ್ಲ ಮಾವ ಎಂದು ಪುಸ್ತಕ ಮುಚ್ಚಿದೆ.

ಹೆಂಡತಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಚಿಕ್ಕಪ್ಪ ಓಡಿಹೋದ ಸುದ್ದಿಯನ್ನು ಅಪ್ಪ ಹೇಗೆ ಹೇಳಿದರು ಎಂದು ಕೇಳಿದೆ. ಆಗ ಅವಳು ಚಿಕ್ಕ ಹುಡುಗಿ, ಆದರೂ ನೆನಪಿತ್ತು. ಅಪ್ಪ ಬಾಗಿಲಲ್ಲೇ ನಿಂತಿದ್ದರಂತೆ, ಗಡ್ಡ ಬೆಳೆದಿತ್ತಂತೆ. ಚೀಲ ಕೆಳಗಿಡದೆ, ಅವನು ಹೋಗಿಬಿಟ್ಟ ಅಂದರಂತೆ. ಹೊರಡುವ ಮುಂಚೆ ಗಂಡಹೆಂಡಿರಿಗೆ ಜೋರು ಜಗಳವಾಗಿತ್ತು. ಒಂದಲ್ಲ ಒಂದು ದಿನ ಎಲ್ಲ ಬಿಟ್ಟು ಹೋಗಿಬಿಡುತ್ತೇನೆ ಎಂದು ಚಿಕ್ಕಪ್ಪ ಕೂಗಾಡಿದ್ದನಂತೆ. ಹಾಗಾಗಿ ಅಪ್ಪನ ಬಾಯಿಂದ ಆ ಮಾತು ಬಂದದ್ದೇ ತಡ, ಹೋದನಾ, ಹೋಗಲಿ ಬಿಡಿ, ಹೇಳಿದ ಹಾಗೆ ಮಾಡಿದ ಎಂದು ಚಿಕ್ಕಮ್ಮ ಕಿರುಚಾಡಿ ಕೈಲಿದ್ದ ಪಾತ್ರೆ ಎಸೆದರಂತೆ.

ಹೆಂಡತಿ ಹೇಳುತ್ತ ಹೇಳುತ್ತ ತಾನೇ ತಡೆದಳು. ನನ್ನ ಮುಖ ನೋಡಿದಳು. ಹೋದ ಅಂದರೆ ಹೊರಟುಹೋದ ಅಂತಲೂ ಹೌದು, ತೀರಿಹೋದ ಅಂತಲೂ ಹೌದು. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಬಾಗಿಲು. ಅಡ್ಡಗೋಡೆಯ ಮೇಲೆ ದೀಪ ಇಡಬೇಕೆಂದು ಮಾವ ಹಾಗೆ ಹೇಳಿದರೋ, ತಾನಾಗಿ ಬಂತೋ, ನನಗೆ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಕಿವಿಯಾಗಿಬಿಟ್ಟೆ. ಚಿಕ್ಕಮ್ಮ ಓಡಿಹೋದವನು ಅನ್ನುತ್ತಿದ್ದರು, ಪಕ್ಕದ ಮನೆಯವರು ಓಡಿಹೋದವನು ಅನ್ನುತ್ತಿದ್ದರು, ನಾನೂ ಇಷ್ಟು ವರ್ಷ ಹಾಗೆಯೇ ಅಂದಿದ್ದೆ. ಮಾವನ ಬಾಯಲ್ಲಿ ಮಾತ್ರ ಆ ಮಾತಿಲ್ಲ. ತಮ್ಮ ಹೋದ ವರ್ಷ, ತಮ್ಮ ಹೋದ ಮೇಲೆ, ಅಷ್ಟೇ. ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ಸುಳ್ಳೂ ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ.

ಮಾವನನ್ನು ಒಬ್ಬರೇ ಇರುವಾಗ ಕೇಳಬೇಕೆಂದಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ ನನ್ನದು. ಆದರೆ ಆ ಭಾನುವಾರ ಎಲ್ಲರೂ ನಡುಮನೆಯಲ್ಲೇ ಇದ್ದೆವು. ಚಿಕ್ಕಮ್ಮ ಬಟಾಣಿ ಸುಲಿಯುತ್ತಿದ್ದರು. ಮಾವ ಹೊಸ ವಾದ ಹಿಡಿದುಕೊಂಡು ಬಂದಿದ್ದರು, ಈ ಸಲ ನಾದ. ಹಿಂದಿನವರು ಒಂದು ಬಗೆಯ ನಾದ ಹೊರಡಿಸಿದರೆ ಬಂಡೆ ತಾನಾಗಿ ಗಾಳಿಯಲ್ಲಿ ತೇಲಿ ಹೋಗಿ ಕೂರುತ್ತಿತ್ತಂತೆ. ಯಾರೂ ಮುಟ್ಟಬೇಕಿಲ್ಲ, ಯಾರೂ ಕೆಳಗೆ ನಿಲ್ಲಬೇಕಿಲ್ಲ.

ಚಿಕ್ಕಮ್ಮ ನಕ್ಕರು. ನಮ್ಮವನೂ ಅದೇ ವಿದ್ಯೆ ಕಲಿತಿದ್ದ ಅಂತ ಕಾಣುತ್ತೆ, ನಾದ ಹಾಕಿದ, ತೇಲಿಕೊಂಡು ಯಾವಳದೋ ಮನೆಗೆ ಹೋಗಿ ಕೂತ, ಅಂದರು. ದಿನಾ ಬೈಯುವಂತೆಯೇ ಬೈದರು. ಆದರೆ ಮಾವ ಕೆನ್ನೆಗೆ ಏಟು ಬಿದ್ದವರ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ.

"ಮಾವ, ಚಿಕ್ಕ ಮಾವ ಓಡಿಹೋದ್ರು ಅಂತ ನೀವು ಯಾವತ್ತಾದ್ರೂ ಹೇಳಿದ್ದೀರಾ?"

ಹೆಂಡತಿ ನನ್ನ ತೋಳು ಹಿಡಿದಳು. ಮಾವ ನನ್ನ ಕಡೆ ನೋಡಲೇ ಇಲ್ಲ, ಬಟಾಣಿಯ ತಟ್ಟೆ ನೋಡಿದರು.

"ಇಲ್ಲ," ಅಂದರು. "ಹೋದ ಅಂದೆ. ಹೋದ ಅಂತಲೇ ಅಂದೆ ಕಣಮ್ಮ. ನೀನು ಕೂಗಾಡಿದೆ. ಆಮೇಲೆ ನನಗೆ ಬಾಯಿ ಬರಲಿಲ್ಲ."

ಚಿಕ್ಕಮ್ಮನ ಕೈ ನಿಂತಿತು. ಮಾವ ಹೇಳಿದರು. ಕಟ್ಟಡದ ಎರಡನೆಯ ಅಂತಸ್ತಿಗೆ ಕಲ್ಲಿನ ಚಪ್ಪಡಿ ಇಳಿಸುತ್ತಿದ್ದರು. ಮೇಲೆ ಕ್ರೇನಿನಲ್ಲಿ ಅಣ್ಣ, ಕೆಳಗೆ ನಿಂತು ಕೈಸನ್ನೆ ಮಾಡುವವನು ತಮ್ಮ. ಕ್ರೇನಿನವನಿಗೆ ಕೆಳಗಿನವನ ಕೈಯೇ ಕಣ್ಣು. ಇಳಿಸು ಎಂದು ಕೈ ಮಾಡಿದ, ಇವರು ಇಳಿಸಿದರು. ಅಷ್ಟರಲ್ಲಿ ಅವನು ಚಪ್ಪಡಿಯ ಕೆಳಗಿದ್ದ ಮರದ ತುಂಡು ಸರಿಸಲು ಬಗ್ಗಿದ. ಅದು ಮೇಲಕ್ಕೆ ಕಾಣಿಸಲಿಲ್ಲ. ಗುತ್ತಿಗೆದಾರ ಅವನನ್ನು ಆ ಊರಲ್ಲೇ ಹೂಳಿಸಿ ಕೈ ತೊಳೆದುಕೊಂಡ. ಮಾವ ದಾರಿಯುದ್ದಕ್ಕೂ ಒಂದೇ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದರು, ನಾನೇ ಇಳಿಸಿದೆ ಎಂದು. ಬಾಗಿಲಿಗೆ ಬಂದಾಗ ಅದರಲ್ಲಿ ಅರ್ಧವೂ ಹೊರಡಲಿಲ್ಲ.

ಚಿಕ್ಕಮ್ಮ ಅಳಲಿಲ್ಲ. ತಟ್ಟೆ ಪಕ್ಕಕ್ಕಿಟ್ಟರು.

"ಕಲ್ಲು ಬಿದ್ದಿದ್ದಕ್ಕೆ ನಾನು ನಿಮ್ಮನ್ನ ಏನೂ ಅನ್ನಲ್ಲ ಭಾವ," ಅಂದರು. "ಆದ್ರೆ ಇಷ್ಟು ವರ್ಷ ಸತ್ತವನನ್ನ ನನ್ನ ಬಾಯಿಂದ ಬೈಸಿದ್ರಲ್ಲ. ಕೂತ್ಕೊಂಡು ಕೇಳಿದ್ರಲ್ಲ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾವ ಕೂತಲ್ಲೇ ಕೂತಿದ್ದರು. ಕಚೇರಿಯಲ್ಲಿ ಒಂದು ಸುಳ್ಳು ಕ್ಲೇಮು ಬಯಲಿಗೆಳೆದ ದಿನ ನಾನು ಹೋಟೆಲಿಗೆ ಹೋಗಿ ಸಿಹಿ ತಿನ್ನುತ್ತೇನೆ. ಈ ದಿನ ನನಗೆ ನೀರೂ ಇಳಿಯಲಿಲ್ಲ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟು ನನ್ನ ಮೇಲೋ ಅಪ್ಪನ ಮೇಲೋ ಅವಳಿಗೇ ಗೊತ್ತಿರಲಿಲ್ಲ.

ಮಾರನೆಯ ದಿನವೂ ಚಿಕ್ಕಮ್ಮ ಹೊರಗೆ ಬರಲಿಲ್ಲ. ಮನೆಯಲ್ಲಿ ಬೈಗುಳವಿಲ್ಲ. ಒಲೆ ಹತ್ತದಿದ್ದರೂ ಇಲ್ಲ, ಬಾಗಿಲು ಕಿರುಗುಟ್ಟಿದರೂ ಇಲ್ಲ. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ಆದರೂ ಒಳಗೊಳಗೆ ಒಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದದ್ದಾಯಿತು, ಇನ್ನು ಗಂಡ ಬದುಕಿದ್ದಾನೆ ಎಂಬ ಅಡ್ಡಿ ಇಲ್ಲವಲ್ಲ, ಗಡಿಯಾರದವರಿಗೆ ಹೂಂ ಅನ್ನಬಹುದಲ್ಲ ಎಂದು. ಅದಕ್ಕೇ ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಬಾಗಿಲು ತೆರೆದಾಗ, ನನ್ನ ಬುದ್ಧಿಗಿಷ್ಟು, ಅವರಿಗೆ ಏನಾದರೂ ಹೇಳಿಕಳಿಸಬೇಕಾ ಚಿಕ್ಕಮ್ಮ ಎಂದು ಕೇಳಿಬಿಟ್ಟೆ.

ಚಿಕ್ಕಮ್ಮನ ಕಣ್ಣು ಊದಿಕೊಂಡಿತ್ತು. ತಲೆ ಬಾಚಿರಲಿಲ್ಲ.

"ಹೇಳಿ," ಅಂದರು. "ನನ್ನ ಗಂಡ ತೀರಿಕೊಂಡು ಎರಡು ದಿನ ಆಯ್ತು ಅಂತ ಹೇಳಿ."

ನಾನು ಗಡಿಯಾರದಂಗಡಿಗೆ ಹೋಗಿ ಹಾಗೆಯೇ ಹೇಳಿದೆ. ಅವರು ಒಂದು ಮಾತೂ ಕೇಳದೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದಿಟ್ಟು ಅಂಗಡಿ ಮುಚ್ಚಿದರು. ನನ್ನ ಜೊತೆಯಲ್ಲೇ ಬಂದು, ಸಾವಿನ ಮನೆಗೆ ಬಂದವರಂತೆ ಚಪ್ಪಲಿ ದೂರ ಬಿಟ್ಟು, ಮಾವನ ಪಕ್ಕದಲ್ಲಿ ಕೂತರು. ಅವರನ್ನು ಕಂಡದ್ದೇ ಚಿಕ್ಕಮ್ಮ ಗೋಡೆಗೊರಗಿ, ಗಂಡನ ಹೆಸರು ಹಿಡಿದು ಕೂಗಿ ಅತ್ತರು. ಇಷ್ಟು ವರ್ಷದಲ್ಲಿ ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.