ಇಲ್ಲವೇ ಇಲ್ಲ, ಒಮ್ಮೊಮ್ಮೆ, ಹಲವು ಸಲ, ಯಾವಾಗಲೂ

ನಮ್ಮ ಕೋಣೆಯಲ್ಲಿ ಯಾರೂ ‘ಅಯ್ಯೋ’ ಎನ್ನುವ ಹಾಗಿಲ್ಲ. ‘ಪಾಪ’ ಎನ್ನುವ ಹಾಗಿಲ್ಲ, ‘ಭೇಷ್’ ಎನ್ನುವ ಹಾಗೂ ಇಲ್ಲ. ಫೋನಿನ ಆ ತುದಿಯವರು ತಾಯಿ ತೀರಿಕೊಂಡರು ಎಂದರೂ ‘ಸರಿ’, ಮಗು ಹುಟ್ಟಿತು ಎಂದರೂ ‘ಸರಿ’. ತೀರಾ ಬೇಕಾದರೆ ‘ಪ್ರಶ್ನೆ ಇನ್ನೊಮ್ಮೆ ಓದಲಾ?’ ಎಂದು ಕೇಳಬಹುದು. ಮಾತಿಗೊಂದು ಅಯ್ಯೋ ಸೇರಿಸಿಕೊಂಡೇ ಬೆಳೆದ ನನ್ನಂಥವಳಿಗೆ ಇದು ಬಾಯಿಗೆ ಹೊಲಿಗೆ ಹಾಕಿಸಿಕೊಂಡ ಹಾಗೆ. ಆದರೂ ಕಲಿತೆ. ಸಂಬಳ ಏನನ್ನು ತಾನೇ ಕಲಿಸುವುದಿಲ್ಲ!

ಕೆಲಸ ಇಷ್ಟೇ. ಬಹಳ ಹಿಂದೆ ಒಂದು ವರ್ಷ ಹೊಸದಾಗಿ ಕಾಲೇಜು ಸೇರಿದ ಹುಡುಗ ಹುಡುಗಿಯರಲ್ಲಿ ಕೆಲವು ಸಾವಿರ ಮಂದಿಯನ್ನು ನಮ್ಮ ಸಂಶೋಧನಾ ಕೇಂದ್ರ ಆರಿಸಿಕೊಂಡಿತು. ಅಂದಿನಿಂದ ಪ್ರತಿ ವರ್ಷ ಅವರಿಗೆ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಅವೇ ಮಾತುಗಳಲ್ಲಿ ಕೇಳುತ್ತೇವೆ. ಓದು ಮುಗಿಯಿತೇ, ನಡುವೆ ಬಿಟ್ಟಿರೇ, ಕೆಲಸ ಸಿಕ್ಕಿತೇ, ಮದುವೆ, ಮನೆ, ನಿದ್ದೆ, ಮನಸ್ಸು. ಅವರ ತಲೆ ನರೆತರೂ ಬಿಡುವುದಿಲ್ಲ. ಹೆತ್ತವರೇ ಇಷ್ಟು ಬೆನ್ನು ಹತ್ತುವುದಿಲ್ಲ ಬಿಡಿ. ಜನ ಬೇಸತ್ತು ಫೋನ್ ಇಟ್ಟುಬಿಡಬಾರದು ಎಂದು ಕೇಂದ್ರದವರು ಒಂದು ಉಪಾಯ ಮಾಡಿದ್ದರು. ಒಬ್ಬರಿಗೆ ಪ್ರತಿ ವರ್ಷವೂ ಅದೇ ದನಿ ಕರೆ ಮಾಡಬೇಕು. ಪರಿಚಯದ ದನಿಗೆ ‘ಈಗ ಪುರುಸೊತ್ತಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ನನ್ನ ಪಾಲಿಗೆ ಬಂದವರಲ್ಲಿ ಕೈಬಿಟ್ಟು ಹೋದವರು ತೀರಾ ಕಡಿಮೆ.

ಅವರ ನಿಜವಾದ ಹೆಸರುಗಳನ್ನು ಕೋಣೆಯಲ್ಲಿ ಆಡಬಾರದು. ಹಾಗಾಗಿ ನಾವೇ ಅಡ್ಡಹೆಸರು ಇಟ್ಟುಕೊಂಡಿದ್ದೆವು. ಯಾವ ಪ್ರಶ್ನೆಗೂ ನೇರವಾಗಿ ಉತ್ತರಿಸದ ಒಬ್ಬರು ‘ವಕೀಲರು’. ಕರೆ ಮಾಡಿದಾಗಲೆಲ್ಲ ಏನಾದರೂ ಅಗಿಯುತ್ತಿರುವ ಒಬ್ಬ ‘ಮೇಕೆ’. ನನ್ನ ಗುಬ್ಬಿ ಮಾತ್ರ ಮೊದಲ ವರ್ಷದಿಂದಲೂ ಗುಬ್ಬಿಯೇ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಗೆಳತಿಯ ಮೊಬೈಲಿನಲ್ಲಿ, ಚಿಕ್ಕ ದನಿಯಲ್ಲಿ ಪಟಪಟ ಮಾತನಾಡಿದ್ದಳು. ನಾನು ಅವಳನ್ನು ಒಮ್ಮೆಯೂ ಕಂಡವಳಲ್ಲ. ಆದರೆ ಅವಳು ರಸಾಯನಶಾಸ್ತ್ರದಲ್ಲಿ ಫೇಲಾದದ್ದು, ಮತ್ತೆ ಕಟ್ಟಿ ಪಾಸಾದದ್ದು, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದು, ಮದುವೆಯಾದದ್ದು, ಎಲ್ಲ ನನಗೆ ಗೊತ್ತು. ನನ್ನ ಸ್ವಂತ ತಂಗಿಯ ನಿದ್ದೆ ಹೇಗಿದೆ ಎಂದು ನಾನು ಎಂದೂ ಕೇಳಿಲ್ಲ. ಗುಬ್ಬಿಯ ನಿದ್ದೆ ವರ್ಷ ವರ್ಷಕ್ಕೂ ಹೇಗಾಯಿತೆಂದು ಬಾಯಿಪಾಠ ಒಪ್ಪಿಸಬಲ್ಲೆ.

ಪ್ರಶ್ನೆಗಳಲ್ಲಿ ಒಂದು ಹೀಗಿದೆ: ‘ಕಳೆದ ಒಂದು ತಿಂಗಳಲ್ಲಿ ನೀವು ಒಂಟಿ ಎಂದು ನಿಮಗೆ ಅನ್ನಿಸಿತೇ? ಇಲ್ಲವೇ ಇಲ್ಲ, ಒಮ್ಮೊಮ್ಮೆ, ಹಲವು ಸಲ, ಯಾವಾಗಲೂ. ಇವುಗಳಲ್ಲಿ ಒಂದನ್ನು ಹೇಳಿ.’

ನನ್ನ ತಾಯಿ ತೀರಿಕೊಂಡ ವರ್ಷದ ಮಾತು ಇದು. ನಾನು ಮದುವೆಯಾದವಳಲ್ಲ, ನಾನೂ ಅಮ್ಮನೂ ಎರಡು ಕೋಣೆಗಳಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ಅವಳು ಹೋದ ಮೇಲೆ ಜಗಳಕ್ಕೂ ಜನ ಇಲ್ಲದಾಯಿತು. ಅವಳ ಕುರ್ಚಿಯ ಮೇಲೆ ಒಗೆದ ಬಟ್ಟೆ ಹಾಕತೊಡಗಿದೆ, ಖಾಲಿ ಕಾಣಬಾರದೆಂದು. ಆ ವರ್ಷವೇ ಗುಬ್ಬಿಗೆ ಫೋನ್ ಮಾಡಿ, ಪರದೆಯ ಮೇಲಿದ್ದುದನ್ನು ಓದಿದೆ: “ಹಿಂದಿನ ಸಲ ಗಂಡನ ಜೊತೆ ಇದ್ದೇನೆ ಎಂದಿದ್ದಿರಿ. ಈಗಲೂ ಹಾಗೇನಾ?”

“ಇಲ್ಲ. ಬಿಟ್ಟಾಯ್ತು. ಈಗ ಒಬ್ಳೇ,” ಎಂದಳು. “ಟೈಲರ್ ಅಂಗಡಿ ಮೇಲೆ ಒಂದು ರೂಮು. ಹೊಲಿಗೆ ಮಿಷನ್ ಸದ್ದೇ ನಂಗೆ ಲಾಲಿ.”

ನನ್ನೊಳಗಿನ ಅಯ್ಯೋ ಗಂಟಲವರೆಗೂ ಬಂತು. “ಸರಿ,” ಎಂದೆ. ಆಮೇಲೆ ಒಂಟಿತನದ ಪ್ರಶ್ನೆ ಬಂತು. ಅವಳು ಒಂದು ಕ್ಷಣವೂ ತಡೆಯದೆ ನಕ್ಕು ಹೇಳಿದಳು: “ಇಲ್ಲವೇ ಇಲ್ಲ.”

ಆ ಎರಡು ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ನನಗಿಂತ ಎಷ್ಟೋ ಚಿಕ್ಕವಳು, ಸಂಸಾರ ಮುರಿದವಳು, ಅವಳಿಗೇ ಇಲ್ಲವೇ ಇಲ್ಲ ಎನ್ನಲು ಆಗುವುದಾದರೆ ನನಗೇನು ಧಾಡಿ? ಅಂದಿನಿಂದ ಪ್ರತಿ ವರ್ಷವೂ ಅವಳು ಹಾಗೇ ಹೇಳಿದಳು, ನಾನು ಪ್ರತಿ ವರ್ಷವೂ ಅದನ್ನು ಕೇಳಲು ಕಾದೆ. ಭಾನುವಾರ ತಂಗಿ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಪಾತ್ರೆ ತೊಳೆಯುತ್ತ “ಮತ್ತೇನಕ್ಕಾ, ಮತ್ತೇನು” ಎಂದು ಮುಗಿಸಿದ ಮೇಲೆ ಮನೆ ಇನ್ನಷ್ಟು ಸುಮ್ಮನಾಗುತ್ತಿತ್ತು. ಆಗ ನಾನು ಗುಬ್ಬಿಯನ್ನು ನೆನೆಯುತ್ತಿದ್ದೆ. ಅವಳೂ ಈಗ ಒಬ್ಬಳೇ ಉಂಡು ತಟ್ಟೆ ತೊಳೆಯುತ್ತಿರುತ್ತಾಳೆ, ನಗುತ್ತಲೂ ಇರುತ್ತಾಳೆ. ಒಂಟಿಯಾಗಿದ್ದೂ ಹಾಯಾಗಿರಬಹುದು, ನನಗೆ ಇನ್ನೂ ಅದರ ಹದ ಸಿಕ್ಕಿಲ್ಲ ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನಗೆ ಬೇರೆ ಆಸರೆ ಇರಲಿಲ್ಲ, ನಿಜ ಹೇಳುತ್ತೇನೆ.

ಈ ವರ್ಷ ಕರೆಗಳು ಶುರುವಾಗುವ ಮೊದಲು ಮೇಲ್ವಿಚಾರಕ ನಮ್ಮನ್ನೆಲ್ಲ ಕರೆದು ಕೂರಿಸಿದ. ನಾವು ಮಾತನಾಡುವುದನ್ನು ಇನ್ನೊಂದು ಹೆಡ್‌ಫೋನಿನಲ್ಲಿ ಕದ್ದು ಕೇಳುವುದೇ ಅವನ ಉದ್ಯೋಗ. ನಾವಿಟ್ಟ ಹೆಸರು ಕಳ್ಳಕಿವಿ. ಕೆಟ್ಟವನಲ್ಲ.

“ಇದೇ ಕೊನೇ ಸಲ,” ಎಂದ. “ಮುಂದಿನ ವರ್ಷದಿಂದ ಎಲ್ರ ಮೊಬೈಲಿಗೂ ಪ್ರಶ್ನೆಗಳ ಲಿಂಕ್ ಹೋಗುತ್ತೆ. ಅವರೇ ಉತ್ತರ ಒತ್ತಿ ಕಳಿಸ್ತಾರೆ. ನಿಮ್ಗೆಲ್ಲ ಬೇರೆ ವಿಭಾಗದಲ್ಲಿ ಕೆಲಸ ಇದೆ, ಗಾಬರಿ ಬೇಡ.”

“ಯಾಕೆ? ನಮ್ಮ ದನಿಗೆ ಏನಾಗಿದೆ?” ಎಂದು ನಾನು ಕೇಳಿದೆ.

“ದನಿ ಚೆನ್ನಾಗಿದೆ ಮೇಡಂ, ಅದೇ ತೊಂದರೆ. ನಮ್ಮ ಕೇಂದ್ರದ ಪ್ರೊಫೆಸರು ಕೆಲವರಿಗೆ ಲಿಂಕ್ ಕಳಿಸಿ ನೋಡಿದ್ರಂತೆ. ಫೋನಲ್ಲಿ ಖುಷಿಯಾಗಿದ್ದೋರು ಅಲ್ಲಿ ಅಳ್ತಾ ಕೂತಿದಾರಂತೆ. ಪರಿಚಯದ ದನಿ ಕೇಳಿದ್ರೆ ಜನ ಒಳ್ಳೇದನ್ನೇ ಹೇಳ್ಬಿಡ್ತಾರೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನೂ ಮುಟ್ಟಿ ನೋಡಿಕೊಂಡೆ. “ಬೇರೆಯವರದು ಗೊತ್ತಿಲ್ಲ. ನನ್ನವರು ಸುಳ್ಳು ಹೇಳೋರಲ್ಲ,” ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಪಕ್ಕದ ಮೇಜಿನವರು ನಕ್ಕರು. ನಗಲಿ. ಅಂದಿನಿಂದ ನನಗೆ ಊಟ ಸೇರಲಿಲ್ಲ. ವಕೀಲರು ಸುಳ್ಳು ಹೇಳಿರಲಿ, ಮೇಕೆ ಹೇಳಿರಲಿ, ನನಗೇನೂ ನಷ್ಟವಿಲ್ಲ. ಗುಬ್ಬಿಯ ಆ ಎರಡು ಮಾತು ಮಾತ್ರ ನಿಜವಾಗಿರಬೇಕಿತ್ತು. ಹಾಗೆಂದು ಅವಳನ್ನು ‘ನಿಜ ಹೇಳಿ’ ಎಂದು ಒತ್ತಾಯಿಸುವ ಹಾಗಿಲ್ಲ. ಪ್ರಶ್ನೆಯನ್ನು ಇದ್ದ ಹಾಗೆ ಓದಬೇಕು, ಬಂದ ಉತ್ತರವನ್ನು ಒತ್ತಬೇಕು.

ಅವಳ ಸರದಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಅಷ್ಟರಲ್ಲಿ ಕೋಣೆ ಅರ್ಧ ಖಾಲಿಯಾಗಿತ್ತು. ಕಳ್ಳಕಿವಿ ಕದ್ದು ಕೇಳುವುದನ್ನು ಬಿಟ್ಟು, ಹೆಡ್‌ಫೋನುಗಳ ವೈರು ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ನಾನು ನಂಬರ್ ಒತ್ತಿದೆ.

“ಬಂದ್ರಾ!” ಎಂದಳು ಗುಬ್ಬಿ. “ಈ ಸಲ ತಡ ಮಾಡಿದ್ರಿ. ಮರ್ತೇಬಿಟ್ರೇನೋ ಅಂದ್ಕೊಂಡೆ. ಊಟ ಆಯ್ತಾ?”

ಪ್ರತಿ ವರ್ಷವೂ ಅವಳು ಇದನ್ನು ಕೇಳುತ್ತಾಳೆ, ಪ್ರತಿ ವರ್ಷವೂ ನಾನು ಕೇಳಿಸದವಳ ಹಾಗೆ ಮುಂದೆ ಹೋಗುತ್ತೇನೆ. ಇದು ದನಿಯ ಕೊನೆಯ ಸರದಿ ಎಂದೂ, ಮುಂದೆ ಲಿಂಕ್ ಬರುತ್ತದೆಂದೂ ಪರದೆಯಲ್ಲಿದ್ದ ಹಾಗೆ ಓದಿ ಹೇಳಿದೆ. ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅದೇ ಪ್ರಯೋಗಾಲಯ. ಅದೇ ರೂಮು. ಕೆಳಗಿನ ಟೈಲರ್ ಅಂಗಡಿ ಮುಚ್ಚಿದ್ದಾನೆ, ಈಗ ಅಲ್ಲಿ ಯಾರೋ ಪೆಟ್ಟಿಗೆ ಇಟ್ಟು ಬೀಗ ಹಾಕಿದ್ದಾರೆ.

ಒಂಟಿತನದ ಪ್ರಶ್ನೆ ಬಂತು. ಓದಿದೆ. ನನ್ನ ಬೆರಳು ಆಗಲೇ ‘ಇಲ್ಲವೇ ಇಲ್ಲ’ದ ಮೇಲೆ ಕೂತಿತ್ತು.

“ಕೊನೇ ಸಲ ಅಂದ್ರಲ್ಲ,” ಎಂದಳು. “ಹಾಗಾದ್ರೆ ನಿಜ ಹೇಳ್ಬಿಡ್ಲಾ ಅಕ್ಕಾ?”

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು. “ಪ್ರಶ್ನೆ ಇನ್ನೊಮ್ಮೆ ಓದಲಾ?” ಎಂದೆ.

“ಬೇಡ, ನಂಗೆ ಬಾಯಿಪಾಠ ಆಗಿದೆ. ಯಾವಾಗ್ಲೂ. ಯಾವಾಗ್ಲೂ ಅಂತ ಬರ್ಕೊಳ್ಳಿ. ಈ ತಿಂಗಳು ಅಂತಲ್ಲ. ಗಂಡ ಅನ್ನೋ ಆ ಮನುಷ್ಯ ಹೋದಾಗಿಂದ್ಲೂ ಅಷ್ಟೇ. ಅದಕ್ಕೂ ಮುಂಚೆ, ಹಾಸ್ಟೆಲಲ್ಲೂ ಅಷ್ಟೇ.”

“ಸರಿ,” ಎಂದೆ. ದನಿ ಒಡೆಯಿತು.

“ನೋಡಿ, ಇದಕ್ಕೇ ಹೇಳ್ತಿರಲಿಲ್ಲ,” ಎಂದಳು. “ನೀವು ಎಲ್ಲದಕ್ಕೂ ಸರಿ ಅಂತೀರ. ಕೆಲ್ಸ ಸಿಕ್ತು ಅಂದ್ರೂ ಸರಿ, ಸಂಸಾರ ಮುರೀತು ಅಂದ್ರೂ ಸರಿ, ಕಲ್ಲಿನ ಥರ. ಆದ್ರೆ ಈ ಪ್ರಶ್ನೆಗೆ ನಾನು ‘ಇಲ್ಲವೇ ಇಲ್ಲ’ ಅಂದಾಗ ಮಾತ್ರ ನಿಮ್ಮ ಸರಿ ಬೇರೆ ಥರ ಬರೋದು. ಏನೋ ಸಿಕ್ಕಿದೋರ ಥರ. ನನ್ನಿಂದ ಒಬ್ರಿಗೆ ಅಷ್ಟು ಖುಷಿ ಆಗುತ್ತಲ್ಲ ಅಂತ… ವರ್ಷಕ್ಕೊಂದ್ಸಲ ಅದನ್ನ ಕೇಳ್ಬೇಕು ಅಂತ್ಲೇ ಹಾಗೆ ಹೇಳ್ತಿದ್ದೆ.”

ಕಳ್ಳಕಿವಿ ಪೆಟ್ಟಿಗೆಯ ಮೇಲೆ ಅಂಟುಪಟ್ಟಿ ಎಳೆಯುತ್ತಿದ್ದ. ನನಗೆ ಅವಳ ಮೇಲೆ ಸಿಟ್ಟು ಬಂತು. ಕೈಗೆ ಕೊಟ್ಟ ಊರುಗೋಲನ್ನು ನಡುದಾರಿಯಲ್ಲಿ ಕಿತ್ತುಕೊಂಡಳಲ್ಲ ಎಂದು ಸಿಟ್ಟು. ಮರುಕ್ಷಣ ಆ ಮುಚ್ಚಿದ ಅಂಗಡಿಯ ಮೇಲಿನ ರೂಮು ಕಣ್ಣಿಗೆ ಕಟ್ಟಿತು. ಅಲ್ಲಿ ಯಾರೂ ಹಾಯಾಗಿ ನಗುತ್ತಿರಲಿಲ್ಲ. ಎಂದೂ ನಕ್ಕಿರಲಿಲ್ಲ. ‘ಯಾವಾಗಲೂ’ ಎಂಬುದನ್ನು ಒತ್ತಿದೆ.

“ಅಕ್ಕಾ, ನಾನೊಂದು ಪ್ರಶ್ನೆ ಕೇಳ್ಲಾ?” ಎಂದಳು. “ಒಂದೇ ಒಂದು. ನಿಮ್ದೇ ಪ್ರಶ್ನೆ. ನೀವೂ ಒಬ್ರೇ ಇರೋರು ಅಂತ ನಂಗ್ಯಾಕೋ ಅನ್ಸುತ್ತೆ. ಹೌದಾ?”

ಸ್ವಂತ ವಿಷಯ ಒಂದಕ್ಷರವೂ ಹೇಳಬಾರದು. ಅದೇ ನಮ್ಮ ಮೊದಲ ನಿಯಮ.

“ಹೌದು,” ಎಂದೆ.

“ಕಳೆದ ಒಂದು ತಿಂಗಳಲ್ಲಿ ನೀವು ಒಂಟಿ ಎಂದು ನಿಮಗೆ ಅನ್ನಿಸಿತೇ?” ಥೇಟ್ ನಾನು ಓದುವ ಹಾಗೆಯೇ, ನಾನು ನಿಲ್ಲಿಸುವ ಕಡೆಗಳಲ್ಲೇ ನಿಲ್ಲಿಸಿ ಕೇಳಿದಳು. “ಇಲ್ಲವೇ ಇಲ್ಲ, ಒಮ್ಮೊಮ್ಮೆ, ಹಲವು ಸಲ, ಯಾವಾಗಲೂ. ಇವುಗಳಲ್ಲಿ ಒಂದನ್ನು ಹೇಳಿ.”

ಅವಳ ಉಸಿರು ಕೇಳುತ್ತಿತ್ತು. ಉತ್ತರಕ್ಕೆ ಹೀಗೆ ಕಾಯುವುದು ಎಂಥದೆಂದು ನನಗೆ ಗೊತ್ತಿಲ್ಲವೇ? ಅಮ್ಮನ ಕುರ್ಚಿ ನೆನಪಾಯಿತು, ಅದರ ಮೇಲಿನ ಬಟ್ಟೆ ನೆನಪಾಯಿತು.

ನಾನು ನಕ್ಕೆ. ನಗು ಬಂತು, ಹೇಗೋ.

“ಇಲ್ಲವೇ ಇಲ್ಲ,” ಎಂದೆ.

“ಒಬ್ರೇ ಇದ್ದೂ?”

“ಒಬ್ಬಳೇ ಇದ್ದೂ.”

“ಸರಿ,” ಎಂದಳು ಗುಬ್ಬಿ. ಅವಳ ಆ ಸರಿ ಬೇರೆ ಥರ ಇತ್ತು.

ನಾನು ಮುಂದಿನ ಪ್ರಶ್ನೆ ಓದಿದೆ.