ಭಾವ ತಂದ ವೈಪರ್

ನಮ್ಮ ಭಾವ ಕೈ ಬಿಚ್ಚುವ ಪೈಕಿಯಲ್ಲ. ಶಾಲೆ ಮಕ್ಕಳ ವ್ಯಾನು ಅವರ ಹೆಸರಿನಲ್ಲಿತ್ತು, ಓಡಿಸುತ್ತಿದ್ದವಳು ನಾನು. ಅವರಿಗೆ ಕಣ್ಣಿನ ತೊಂದರೆ ಬಂದ ವರ್ಷ ಸ್ಟೀರಿಂಗ್ ನನ್ನ ಕೈಗೆ ಬಂತು. ಅಂದಿನಿಂದ ಹೊಸ ವೈಪರ್ ಬ್ಲೇಡು ಹಾಕಿಸಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಬೇಸಿಗೆಯಲ್ಲಿ ಹೇಳಿದರೆ, "ಮಳೆ ಬರ್ಲಿ, ನೋಡೋಣ" ಎನ್ನುವರು. ಮಳೆಗಾಲದಲ್ಲಿ ಹೇಳಿದರೆ, "ಮಳೆ ನಿಲ್ಲಲಿ, ಒದ್ದೇಲಿ ಯಾರು ಕೈ ಹಾಕ್ತಾರೆ" ಎನ್ನುವರು. ರಬ್ಬರು ಹರಿದು ಜೋತುಬಿದ್ದಿತ್ತು. ಗಾಜು ಒರೆಸುವ ಬದಲು ಕೆಸರನ್ನು ಈ ಕಡೆಯಿಂದ ಆ ಕಡೆಗೆ ಬಳಿಯುತ್ತಿತ್ತು. ಜೋರು ಮಳೆ ಬಂದರೆ ವ್ಯಾನನ್ನು ರಸ್ತೆ ಪಕ್ಕ ನಿಲ್ಲಿಸಿ, ಇಳಿದು, ಬಟ್ಟೆಯಲ್ಲಿ ಗಾಜು ಒರೆಸಿ, ಮತ್ತೆ ಹತ್ತುತ್ತಿದ್ದೆ. "ವ್ಯಾನ್ ಆಂಟೀನೇ ನಮ್ಮ ವೈಪರ್" ಎಂದು ಮಕ್ಕಳು ಹಿಂದಿನಿಂದ ನಗುತ್ತಿದ್ದವು.

ಆದರೂ ಈ ವ್ಯಾನಿಗೆ ಅಂಟಿಕೊಂಡು ಕೂತದ್ದು ಭಾವ ಕೊಟ್ಟ ಒಂದು ಮಾತಿನಿಂದ. ಬಟ್ಟೆ ಕಾರ್ಖಾನೆಯವರು ತಮ್ಮ ಬಸ್ಸಿಗೆ ಖಾಯಂ ಡ್ರೈವರಾಗಿ ನನ್ನನ್ನು ಕರೆದಿದ್ದರು. ಹೊರಟೇಬಿಟ್ಟಿದ್ದೆ. ಆಗ ಭಾವ, "ಯಾರದೋ ಗಾಡಿ ಯಾಕೆ ಓಡಿಸ್ತೀಯಮ್ಮ? ನಾನು ಈ ವ್ಯವಹಾರ ಬಿಡೋ ದಿನ ಈ ವ್ಯಾನು, ಈ ಮಕ್ಕಳು ಎಲ್ಲಾ ನಿನಗೇ. ನಿನ್ನ ಹೆಸರಿಗೇ ಮಾಡ್ಕೊಡ್ತೀನಿ" ಎಂದರು. ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಅಕ್ಕ ಹೂಂ ಎಂದಳು. ಭಾವನ ಮಾತೊಂದೇ ಆಗಿದ್ದರೆ ಎರಡು ಸಲ ಯೋಚಿಸುತ್ತಿದ್ದೆ. ಅಕ್ಕನ ಹೂಂ ನಂಬಿದೆ. ಅಮ್ಮ ತೀರಿಕೊಂಡ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳು. ಕಾರ್ಖಾನೆಯವರಿಗೆ ಬರುವುದಿಲ್ಲ ಎಂದು ಹೇಳಿ ಬಂದೆ.

ಮೊನ್ನೆ ಭಾನುವಾರ ಅಕ್ಕನ ಮನೆಯಿಂದ ಫೋನು ಬಂತು. ಹೋಗಿ ನೋಡಿದರೆ ಭಾವ ಬಾಗಿಲಲ್ಲೇ ನಿಂತಿದ್ದಾರೆ, ಕೈಯಲ್ಲಿ ಹೊಸ ವೈಪರ್ ಬ್ಲೇಡುಗಳ ಜೋಡಿ. ಸೂರ್ಯ ಯಾವ ಕಡೆ ಹುಟ್ಟಿದ ಎಂದು ಕೇಳಿದೆ.

"ಹಾಕು ಹಾಕು, ತಮಾಷೆ ಆಮೇಲೆ. ಹಾಗೇ ಗಾಡೀನೂ ಒಂಚೂರು ತೊಳೆದುಬಿಡು" ಎಂದರು.

ನನಗೆ ಬೇಡ ಎನ್ನುವ ಮನಸ್ಸೆಲ್ಲಿಂದ ಬರಬೇಕು. ಮದುಮಗಳನ್ನು ಮೀಯಿಸಿದ ಹಾಗೆ ವ್ಯಾನನ್ನು ತೊಳೆದೆ. ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪೆನ್ಸಿಲ್ ತುಂಡು, ಬಿಸ್ಕತ್ತಿನ ಚೂರು, ಯಾವುದೋ ಮಗುವಿನ ಒಂಟಿ ಕಾಲುಚೀಲ ಎಲ್ಲ ತೆಗೆದೆ. ಆಮೇಲೆ ವೈಪರ್ ಹತ್ತಿರ ಬಂದೆ.

ಬ್ಲೇಡು ಬಿಚ್ಚುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ಒಂದು ಅಪಾಯವಿದೆ. ಬ್ಲೇಡು ಕಳಚಿದ ಮೇಲೆ ಅದನ್ನು ಹಿಡಿದಿದ್ದ ಕಬ್ಬಿಣದ ತೋಳು ಬರಿದಾಗಿ ನಿಂತಿರುತ್ತದೆ. ಅದರ ಬುಡದಲ್ಲಿ ಸ್ಪ್ರಿಂಗ್ ಇದೆ. ಕೈ ತಾಗಿ ಅದು ಪಟ್ಟನೆ ಬಿದ್ದರೆ ಮುಂದಿನ ಗಾಜು ಸೀಳುತ್ತದೆ. ಅದಕ್ಕೇ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ, ತೋಳನ್ನು ಹಿಡಿದುಕೋ ಎಂದು ಅಕ್ಕನನ್ನು ಕರೆದೆ. ಅವಳು ಎರಡೂ ಕೈಯಲ್ಲಿ ಹಿಡಿದು ನಿಂತಳು. ನಾನು ತೋಳಿನ ತುದಿಯ ಕೊಕ್ಕೆಯ ಹತ್ತಿರದ ಗುಂಡಿ ಒತ್ತಿ, ಹಳೇ ಬ್ಲೇಡನ್ನು ಕೆಳಕ್ಕೆ ಜಾರಿಸಿ ಕಳಚಿದೆ. ಉದ್ದದ ಬ್ಲೇಡು ಡ್ರೈವರ್ ಕಡೆಗೆ, ಗಿಡ್ಡದ್ದು ಆ ಕಡೆಗೆ. ಹೊಸದನ್ನು ಟಕ್ ಎನ್ನುವವರೆಗೆ ಮೇಲಕ್ಕೆ ಎಳೆದು ಕೂರಿಸಿದೆ. ಅಷ್ಟು ಹೊತ್ತೂ ನಾನು ವಟಗುಟ್ಟುತ್ತಲೇ ಇದ್ದೆ. ಸೀಟಿಗೆ ಹೊಸ ಕವರ್ ಹೊಲಿಸಬೇಕು, ಬಾಗಿಲಿಗೆ ಹಳದಿ ಬಣ್ಣ ಹೊಡೆಸಬೇಕು ಎಂದೆಲ್ಲ. ಅಕ್ಕ ಟವೆಲ್ಲನ್ನೇ ನೋಡುತ್ತಿದ್ದಳು. ತೋಳು ಹಿಡಿದು ಕೈ ನೋಯುತ್ತಿರಬೇಕು ಅಂದುಕೊಂಡೆ.

ಗಾಜಿಗೆ ಒಂದು ಚೊಂಬು ನೀರು ಸುರಿದು ವೈಪರ್ ಹಾಕಿದೆ. ಒಂದೇ ಬೀಸಿಗೆ ನೀರು ಮಾಯ. ಎದುರಿನ ಮನೆ ಗೇಟಿನ ತುಕ್ಕೂ ಕಾಣಿಸುವಷ್ಟು ಸ್ಪಷ್ಟ. ಸತ್ಯ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂತು. ಅಂತೂ ನಮ್ಮ ಭಾವನಿಗೂ ನನ್ನ ಮೇಲೆ ಕನಿಕರ ಇದೆ ಎನಿಸಿತು.

ಅಷ್ಟರಲ್ಲಿ ಸ್ಕೂಟರಿನಲ್ಲಿ ಒಬ್ಬರು ಬಂದಿಳಿದರು. ಕಾಲಿಗೆ ಫಳಫಳ ಬಿಳಿ ಬೂಟು. ನಾನು ಚೆಲ್ಲಿದ ನೀರನ್ನು ದಾಟಲು ಕೊಕ್ಕರೆಯ ಹಾಗೆ ಕಾಲೆತ್ತಿ ಬಂದರು.

"ಶಾಲೆ ಕಡೆಯವರು. ಗಾಡಿ ಹೇಗಿದೆ ಅಂತ ನೋಡಕ್ಕೆ ಬಂದಿದಾರೆ. ಇದ್ದದ್ದು ಇದ್ದ ಹಾಗೆ ಹೇಳಮ್ಮ" ಎಂದರು ಭಾವ.

ನಾನು ಹೇಳಿದ್ದೇ ಹೇಳಿದ್ದು. ಬ್ರೇಕು ಕಾಲಿಟ್ಟರೆ ಸಾಕು ನಿಲ್ಲುತ್ತದೆ ಎಂದೆ. ಕ್ಲಚ್ ಬೆಣ್ಣೆ ಎಂದೆ. ಏರಿನಲ್ಲಿ ಒಂದು ದಿನವೂ ಏದುಸಿರು ಬಿಟ್ಟಿಲ್ಲ ಎಂದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಯಾವ ಮಗುವಿನ ಮನೆ ಮೊದಲು, ಯಾವುದನ್ನು ಗೇಟಿನೊಳಗೆ ಬಿಟ್ಟೇ ಬರಬೇಕು, ಯಾವುದಕ್ಕೆ ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ ಬರುತ್ತದೆ, ಎಲ್ಲ ಹೇಳಿದೆ. ಶಾಲೆಯವರಿಗೆ ಸಮಾಧಾನವಾದರೆ ಮುಂದೆ ನನಗೇ ಅನುಕೂಲ ಎನ್ನುವ ಲೆಕ್ಕ ನನ್ನದು. ಬಿಳಿ ಬೂಟಿನವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಹೊಸ ವೈಪರನ್ನು ಬೆರಳಿನಲ್ಲಿ ಎತ್ತಿ ಬಿಟ್ಟು, "ಗಾಡೀನ ಚೆನ್ನಾಗಿ ಇಟ್ಕೊಂಡಿದೀರ" ಎಂದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ವ್ಯಾನು ಇಳಿದು ಅವರು ಭಾವನಿಗೆ, "ಸರಿ ಹಾಗಾದ್ರೆ. ನಾಳೆನೇ ಹೆಸರು ಬದಲಾಯಿಸಿಬಿಡೋಣ" ಎಂದರು.

ನನ್ನ ಹೆಸರಿಗೆ ಅಂದುಕೊಂಡೆ. ಪೆದ್ದಿ. ಭಾವ ಶಾಲೆಯವರ ಎದುರೇ ಮಾತು ಉಳಿಸಿಕೊಳ್ಳುತ್ತಿದ್ದಾರೆ, ಅದಕ್ಕೇ ವೈಪರ್, ಅದಕ್ಕೇ ತೊಳೆಸಿದ್ದು ಅಂದುಕೊಂಡು ಅಕ್ಕನ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ. ಬ್ಲೇಡಿನ ಪ್ಲಾಸ್ಟಿಕ್ ಕವರನ್ನು ಮಡಚುತ್ತಿದ್ದಳು.

"ಡ್ರೈವರ್ ಬೇಕಾಗಲ್ಲ. ನನ್ನ ತಮ್ಮನೇ ಓಡಿಸ್ತಾನೆ" ಎಂದರು ಬಿಳಿ ಬೂಟಿನವರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನಾಳೆ ಒಂದಿನ ಅವನ ಜೊತೆ ಕೂತು ಮನೆಗಳನ್ನ ತೋರಿಸಿಬಿಡಿ" ಎಂದರು.

"ತೋರಿಸ್ತಾಳೆ, ತೋರಿಸ್ತಾಳೆ" ಎಂದರು ಭಾವ.

"ಮಾರ್ತಾ ಇದೀರಾ ಭಾವ?" ಎಂದೆ.

"ಒಳ್ಳೆ ಪಾರ್ಟಿ ಕಣಮ್ಮ. ಬಿಟ್ರೆ ಸಿಗಲ್ಲ."

"ನನಗೆ ಅಂದಿದ್ರಿ."

"ಅಂದಿದ್ದೆ. ಆಗ ಕಾಲ ಬೇರೆ ಇತ್ತು."

ಭಾವನ ಮೇಲೆ ನನಗೆ ಬಂದದ್ದು ಬರೀ ಸಿಟ್ಟು. ಮೂಗಿಗೆ ತುಪ್ಪ ಸವರುವುದು ಅವರ ಹುಟ್ಟುಗುಣ, ಅದು ನನಗೆ ಗೊತ್ತಿತ್ತು. ನಾನು ತಿರುಗಿದ್ದು ಅಕ್ಕನ ಕಡೆಗೆ.

"ನಿನಗೆ ಗೊತ್ತಿತ್ತಾ?"

ಅವಳು ಪ್ಲಾಸ್ಟಿಕ್ ಕವರನ್ನು ಇನ್ನೊಂದು ಮಡಿಕೆ ಮಡಚಿದಳು. ಆಮೇಲೆ ಸಣ್ಣ ದನಿಯಲ್ಲಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು. "ಗಾಡಿ ಹೇಗಿದೆ ಅಂತ ಓಡಿಸೋರ ಬಾಯಿಂದಲೇ ಕೇಳಬೇಕು ಅಂದ್ರು ತಗೊಳ್ಳೋರು. ಮೊದಲೇ ಹೇಳಿದ್ರೆ ನೀನು ಇಷ್ಟು ಮನಸ್ಸಿಟ್ಟು ಹೇಳ್ತಿದ್ಯಾ?"

ಅಂದರೆ ವೈಪರ್ ನನಗಾಗಿ ತಂದದ್ದಲ್ಲ, ಬಂದವರು ಶಾಲೆ ಕಡೆಯವರೂ ಅಲ್ಲ ಎಂಬುದಷ್ಟೇ ಅಲ್ಲ. ನನ್ನ ಪ್ರೀತಿಯನ್ನೂ ಗಾಡಿಯ ಜೊತೆ ತೊಳೆದು, ಒರೆಸಿ, ಗಿರಾಕಿಯ ಮುಂದೆ ಇಟ್ಟಿದ್ದರು. ಆ ಉಪಾಯ ಭಾವನ ತಲೆಗೆ ಹೊಳೆಯುವಂಥದ್ದಲ್ಲ. ನನ್ನನ್ನು ಅಷ್ಟು ಬಲ್ಲವಳು ಅಕ್ಕ ಒಬ್ಬಳೇ.

ಬಿಳಿ ಬೂಟಿನವರು ಕೀಲಿಗಾಗಿ ಕೈ ಚಾಚಿದರು. ಕೀಲಿ ನನ್ನ ಜೇಬಿನಲ್ಲಿತ್ತು. ನಾನು ಅದನ್ನು ಅವರಿಗೆ ಕೊಡಲಿಲ್ಲ, ಭಾವನಿಗೂ ಕೊಡಲಿಲ್ಲ. ಅಕ್ಕನ ಅಂಗೈ ಬಿಡಿಸಿ ಅದರಲ್ಲಿಟ್ಟೆ. "ಕೊಡೋದಾದ್ರೆ ನೀನೇ ಕೊಡು" ಎಂದೆ. ಆಗಲೂ ನನಗೆ ಆಸೆ ಇತ್ತು. ಅವಳು ಬೆರಳು ಮುಚ್ಚಿಕೊಳ್ಳುತ್ತಾಳೆ, ಒಂದು ನಿಮಿಷ ತಡೀರಿ ಎನ್ನುತ್ತಾಳೆ ಎಂದು.

ಅಕ್ಕ ಕೀಲಿಯನ್ನು ಸೆರಗಿನಲ್ಲಿ ಒರೆಸಿ ಅವರಿಗೆ ಕೊಟ್ಟಳು. ಆಮೇಲೆ ನನ್ನ ಮಸಿ ಮೆತ್ತಿದ ಕೈ ನೋಡಿ, "ಕೈ ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ" ಎಂದಳು.